ಒಂದೇ ವಾರ್ಡು, ಮೂರು ಥರದ ಸಂಬಳ: ನರ್ಸ್‌ಗಳ ಸಂಘ, ಅದರ ಹಕ್ಕು, ಅದರೊಳಗಿನ ಸಮಾನತೆ

ಪಾಂಡವಪುರ: ಸರ್ಕಾರಿ ಆಸ್ಪತ್ರೆ ಹೆರಿಗೆ ವಾರ್ಡಿಗೆ ರಾತ್ರಿ ಹೊತ್ತು ಹೋದ್ರೆ ಅಲ್ಲಿ ಓಡಾಡೋರೆಲ್ಲ ನಮಗೆ 'ಸಿಸ್ಟರ್'. ಡ್ರಿಪ್ ಖಾಲಿಯಾಯ್ತು ಅಂದ್ರೂ ಸಿಸ್ಟರ್, ಮಗು ಹಾಲು ಕುಡೀತಿಲ್ಲ ಅಂದ್ರೂ ಸಿಸ್ಟರ್. ಆದ್ರೆ ಆ ಸಿಸ್ಟರ್‌ಗಳಲ್ಲಿ ಒಬ್ಬರು ಖಾಯಂ, ಇನ್ನೊಬ್ಬರು ಎನ್‌ಎಚ್‌ಎಂ ಗುತ್ತಿಗೆ, ಮತ್ತೊಬ್ಬರು ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆ ಆಗಿರಬಹುದು. ಕೆಲಸ ಒಂದೇ, ಪಾಳಿ ಒಂದೇ. ಸಂಬಳ, ರಜೆ, ಪಿಂಚಣಿ, ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋದು ಮಾತ್ರ ಬೇರೆ ಬೇರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಪಾಂಡವಪುರ ಉಪವಿಭಾಗದ ಈ ನಾಲ್ಕು ತಾಲ್ಲೂಕಿನಲ್ಲಿ ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಊರಿಗೆ ಒಬ್ಬಿಬ್ಬರಾದ್ರೂ ಸಿಗ್ತಾರೆ. ಕೆಲವರು ತಾಲ್ಲೂಕು ಆಸ್ಪತ್ರೆಯಲ್ಲಿ, ಕೆಲವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇನ್ನೂ ಕೆಲವರು ಬೆಳಗ್ಗೆ ಬಸ್ಸು, ಟ್ರೇನು ಹತ್ತಿ ಮೈಸೂರಿನ ಖಾಸಗಿ ಆಸ್ಪತ್ರೆಗೆ. ಇವರಿಗೆಲ್ಲ ಸಂಘ ಅಂದ್ರೆ ಏನು? ಯಾರು ಯಾವ ಸಂಘಕ್ಕೆ ಸೇರಬಹುದು? ಸಂಘದಿಂದ ಕೇಳಬಹುದಾದ ಹಕ್ಕುಗಳು ಯಾವುವು? ಡಿಗ್ರಿ ಅರ್ಧಕ್ಕೇ ಬಿಟ್ಟ ನನ್ನಂಥೋರಿಗೆ ಕಾನೂನಿನ ಭಾಷೆ ಸುಲಭಕ್ಕೆ ಅರ್ಥ ಆಗಲ್ಲ. ಅದಕ್ಕೇ ಆದಷ್ಟು ನಮ್ಮ ಮಾತಲ್ಲೇ ಬರೆದಿದ್ದೀನಿ. ಮನೆಯಲ್ಲಿ ನರ್ಸ್ ಇದ್ರೆ ಓದಿಸಿ.

ಸಂಘ ಕಟ್ಟೋ ಹಕ್ಕು ಎಲ್ಲಿಂದ ಬಂತು

ಸಂವಿಧಾನದ 19ನೇ ವಿಧಿ ಸಂಘ ಕಟ್ಟಿಕೊಳ್ಳೋ ಸ್ವಾತಂತ್ರ್ಯ ಕೊಡುತ್ತೆ. 14 ಮತ್ತು 16ನೇ ವಿಧಿ ಸಮಾನತೆ ಹೇಳುತ್ತೆ. 39ನೇ ವಿಧಿಯಲ್ಲಿ 'ಸಮಾನ ಕೆಲಸಕ್ಕೆ ಸಮಾನ ವೇತನ' ಅಂತ ನೇರವಾಗೇ ಇದೆ, 42ನೇ ವಿಧಿಯಲ್ಲಿ ಹೆರಿಗೆ ನೆರವಿನ ಮಾತಿದೆ. ಆದ್ರೆ ಆಸ್ಪತ್ರೆ ಅನ್ನೋದು ಕಾರ್ಖಾನೆ ಥರ ಒಂದು 'ಕೈಗಾರಿಕೆ' ಹೌದೋ ಅಲ್ವೋ ಅನ್ನೋದೇ ಬಹಳ ವರ್ಷ ಜಗಳ ಆಗಿತ್ತು. ಕೈಗಾರಿಕೆ ಅಲ್ಲ ಅಂದ್ರೆ ಕಾರ್ಮಿಕ ಕಾನೂನು ಅನ್ವಯ ಆಗಲ್ಲ. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಅಲ್ಲ' ಅಂದಿತ್ತು. ಅದನ್ನ ತಿರುಗಿಸಿದ್ದು ನಮ್ಮ ರಾಜ್ಯದ್ದೇ ಒಂದು ಕೇಸು. 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಕೈಗಾರಿಕೆ ಅನ್ನೋ ಪದವನ್ನ ಅಗಲ ಮಾಡಿ ಆಸ್ಪತ್ರೆಗಳನ್ನೂ ಒಳಗೆ ತಂದಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ನೀರಿನ ಮಂಡಳಿ ನೌಕರರ ಕೇಸು ನರ್ಸ್‌ಗಳ ಕೈಗೆ ಹಕ್ಕು ಕೊಟ್ಟಿತು.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ದತ್ತಿ, ಸಮಾಜಸೇವೆಯಲ್ಲೇ ತೊಡಗಿರೋ ಸಂಸ್ಥೆಗಳು ನಡೆಸೋ ಘಟಕಗಳನ್ನ 'ಕೈಗಾರಿಕೆ' ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದ್ರೆ ನಿಮ್ಮ ಆಸ್ಪತ್ರೆ ಟ್ರಸ್ಟ್‌ದಾ, ಕಂಪನಿದಾ, ಒಬ್ಬ ಡಾಕ್ಟರ್ ಸ್ವಂತದ್ದಾ ಅನ್ನೋದು ಇನ್ಮುಂದೆ ಹೆಚ್ಚು ಮುಖ್ಯ ಆಗುತ್ತೆ. ಕೆಲಸಕ್ಕೆ ಸೇರೋವಾಗ ಇದನ್ನ ಯಾರೂ ಕೇಳಲ್ಲ. ಕೇಳಿ.

ಯಾರಿಗೆ ಯಾವ ಸಂಘ

ಖಾಯಂ ಸರ್ಕಾರಿ ನರ್ಸ್‌ಗಳು (ಈಗ ಕಾಗದದಲ್ಲಿ 'ಶುಶ್ರೂಷಾಧಿಕಾರಿ') ಸೇರೋದು ಸೇವಾ ಸಂಘಕ್ಕೆ. ಇದು ಕಾರ್ಮಿಕ ಸಂಘ ಅಲ್ಲ. ಮನವಿ ಕೊಡಬಹುದು, ಮಾತುಕತೆ ನಡೆಸಬಹುದು, ಆದ್ರೆ ರಾಜ್ಯದ ನಡತೆ ನಿಯಮಗಳ ಪ್ರಕಾರ ಮುಷ್ಕರ ಹೂಡೋ ಹಾಗಿಲ್ಲ. ಉಪಕೇಂದ್ರದಲ್ಲಿರೋ ಎಎನ್‌ಎಂಗಳು ಅಂದ್ರೆ ಹಳೇ ಹೆಸರಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು, ಹೊಸ ಹೆಸರಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು. ಹೆಸರುಗಳೆಲ್ಲ ಅಧಿಕಾರಿ ಆದ್ವು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರೋದು ತಪ್ಪಲಿಲ್ಲ.

ಗುತ್ತಿಗೆ, ಹೊರಗುತ್ತಿಗೆ ಮತ್ತು ಖಾಸಗಿ ನರ್ಸ್‌ಗಳಿಗೆ ದಾರಿ ಕಾರ್ಮಿಕ ಸಂಘ. 1926ರ ಕಾಯ್ದೆ ಕಾಲದಿಂದಲೂ ಏಳು ಜನ ಸೇರಿದ್ರೆ ನೋಂದಣಿಗೆ ಅರ್ಜಿ ಹಾಕಬಹುದು. ಜೊತೆಗೆ ಆ ಸಂಸ್ಥೆ ಅಥವಾ ಉದ್ಯಮದ ನೌಕರರಲ್ಲಿ ಶೇ 10ರಷ್ಟು ಇಲ್ಲವೇ 100 ಜನ, ಇದರಲ್ಲಿ ಯಾವುದು ಕಮ್ಮಿಯೋ ಅಷ್ಟು ಸದಸ್ಯರಿರಬೇಕು. ಹೊಸ ಸಂಹಿತೆಯಲ್ಲೂ ಈ ಲೆಕ್ಕ ಹಾಗೇ ಇದೆ. ಒಟ್ಟು 40 ನೌಕರರಿರೋ ಆಸ್ಪತ್ರೆಯಲ್ಲಿ ಏಳು ಜನ ಒಪ್ಪಿದ್ರೂ ಸಾಕು ಅಂತಾಯ್ತು. ಮುಷ್ಕರಕ್ಕೆ ಮಾತ್ರ ಈಗ 14 ದಿನ ಮೊದಲೇ ನೋಟಿಸ್ ಕೊಡಲೇಬೇಕು. ಆರೋಗ್ಯ ಸೇವೆ ಆದ್ದರಿಂದ ಎಸ್ಮಾ ತಲೆ ಮೇಲೆ ತೂಗ್ತಾನೇ ಇರುತ್ತೆ.

ಇವೆರಡೂ ಅಲ್ಲದೆ ವೃತ್ತಿ ಸಂಘ ಅಂತ ಇನ್ನೊಂದಿದೆ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ 1908ರಿಂದ ಇದೆ. ಓದಿದ ನರ್ಸ್ ಯಾರು ಬೇಕಾದ್ರೂ ಸದಸ್ಯರಾಗಬಹುದು. ಬೀದಿಗಿಳಿದು ಹೋರಾಡೋ ಸಂಘ ಅಲ್ಲ ಇದು. ಆದ್ರೆ ಮುಂದೆ ಹೇಳೋ ಒಂದು ದೊಡ್ಡ ಕೇಸು ಹಾಕಿದ್ದು ಇವರೇ.

ರಾಜ್ಯ ಶುಶ್ರೂಷಾ ಪರಿಷತ್ತನ್ನ ಸಂಘ ಅಂದುಕೊಳ್ಳೋರು ಇದ್ದಾರೆ. ಅಲ್ಲ. ಅದು ನೋಂದಣಿ ಮಾಡೋ ಸಂಸ್ಥೆ.

ಹಳದೀಪುರದ ಅರುಣಾ

ಸಂಘ ಇದ್ರೆ ಏನು ಸಿಗುತ್ತೆ ಅಂತ ಕೇಳೋರಿಗೆ ನಾನು ಹೇಳೋದು ಮುಂಬೈ ಕೆಇಎಂ ಆಸ್ಪತ್ರೆ ಕಥೆ. ಅದು ನಮ್ಮ ಕರ್ನಾಟಕದ ಹೆಣ್ಣುಮಗಳದ್ದೇ ಕಥೆ. ಅರುಣಾ ಶಾನಭಾಗ ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸೋಕೆ ಹೋದಾಗ ಅಲ್ಲಿನ ವಾರ್ಡ್ ಬಾಯ್ ಒಬ್ಬ ನಾಯಿ ಕಟ್ಟೋ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ಹೋಗದೆ ಅವರು ಮತ್ತೆ ಏಳಲೇ ಇಲ್ಲ. ಅಪರಾಧಿಗೆ ಶಿಕ್ಷೆ ಆಗಿದ್ದು ಕೊಲೆ ಯತ್ನ ಮತ್ತು ದರೋಡೆಗೆ ಮಾತ್ರ. ಅತ್ಯಾಚಾರದ ಕೇಸು ಹಾಕಲೇ ಇಲ್ಲ. ಏಳು ವರ್ಷ ಜೈಲು ಮುಗಿಸಿ ಆತ ಹೊರಗೆ ಬಂದ.

ಆಗ ಮುಂಬೈ ನರ್ಸ್‌ಗಳು ಕೆಲಸ ನಿಲ್ಲಿಸಿ ಬೀದಿಗೆ ಬಂದ್ರು. ಅವರು ಕೇಳಿದ್ದು ಅರುಣಾಗೆ ನ್ಯಾಯ, ಜೊತೆಗೆ ಎಲ್ಲ ನರ್ಸ್‌ಗಳಿಗೂ ಸುರಕ್ಷಿತ ಕೆಲಸದ ಜಾಗ. ಮುಂದೆ 1980ರ ದಶಕದಲ್ಲಿ ಮಹಾನಗರ ಪಾಲಿಕೆ ಅರುಣಾರನ್ನ ಆಸ್ಪತ್ರೆಯಿಂದ ಬೇರೆ ಕಡೆ ಸಾಗಿಸೋಕೆ ನೋಡ್ತು, ಹಾಸಿಗೆ ಖಾಲಿ ಮಾಡಿಸೋಕೆ. ನರ್ಸ್‌ಗಳು ಒಗ್ಗಟ್ಟಾಗಿ ನಿಂತ್ರು. ಪಾಲಿಕೆ ಹಿಂದೆ ಸರೀತು. ಅಲ್ಲಿಂದ ಮುಂದೆ ಒಂದು ಬ್ಯಾಚ್ ನಿವೃತ್ತಿ ಆದ್ರೆ ಮುಂದಿನ ಬ್ಯಾಚ್ ಬಂದು ನೋಡಿಕೊಳ್ತು. ತಿನ್ನಿಸಿದ್ರು, ತೊಳೆದ್ರು. ಅಷ್ಟು ವರ್ಷ ಹಾಸಿಗೆ ಹಿಡಿದಿದ್ರೂ ಬೆನ್ನಲ್ಲಿ ಹುಣ್ಣು ಆಗದ ಹಾಗೆ ನೋಡಿಕೊಂಡ್ರು. ದಯಾಮರಣ ಕೋರಿ ಲೇಖಕಿ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಿರಸ್ಕರಿಸಿದಾಗ, ಅರುಣಾ ಪರವಾಗಿ ತೀರ್ಮಾನ ತಗೊಳ್ಳೋ ಹಕ್ಕು ಕೆಇಎಂ ಸಿಬ್ಬಂದಿಗೇ ಇದೆ ಅಂದಿತು. 2015ರ ಮೇ 18ರಂದು ಅರುಣಾ ತೀರಿಕೊಂಡ್ರು. 42 ವರ್ಷ.

ನೋಡಿ, ಇಲ್ಲಿ ಸಂಬಳ ಜಾಸ್ತಿ ಮಾಡಿ ಅನ್ನೋ ಬೇಡಿಕೆನೇ ಇಲ್ಲ. ಒಬ್ಬ ಸದಸ್ಯೆಯನ್ನ ಬಿಟ್ಟುಕೊಡಲ್ಲ ಅನ್ನೋದಷ್ಟೇ. ಮಾನವ ಹಕ್ಕು ಅಂತ ದೊಡ್ಡ ಪದ ಬಳಸ್ತೀವಲ್ಲ, ನರ್ಸ್‌ಗಳ ಸಂಘದಲ್ಲಿ ಅದು ಶುರುವಾಗೋದು ಇಲ್ಲಿಂದ.

ಗುತ್ತಿಗೆ: ಉಮಾದೇವಿ ಕೇಸಿನಿಂದ ಫ್ರೀಡಂ ಪಾರ್ಕ್‌ವರೆಗೆ

ಗುತ್ತಿಗೆ ನೌಕರರ ಮುಂದೆ 'ಉಮಾದೇವಿ' ಅಂದ್ರೆ ಸಾಕು, ಮುಖ ಸಪ್ಪಗಾಗುತ್ತೆ. 2006ರ ಏಪ್ರಿಲ್ 10ರ ಈ ತೀರ್ಪು ಕರ್ನಾಟಕದ್ದೇ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆ ದಿನಗೂಲಿ ನೌಕರರದ್ದು. ನಿಯಮ ಪ್ರಕಾರ ನೇಮಕ ಆಗದೋರನ್ನ ಖಾಯಂ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಕೋರ್ಟ್ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಅವಕಾಶ ಕೊಟ್ಟಿತು. ಆಮೇಲೆ ಖಾಯಂ ಮಾಡಿ ಅಂತ ಯಾರು ಹೋದ್ರೂ ಅಧಿಕಾರಿಗಳು ತೋರಿಸೋದು ಈ ತೀರ್ಪನ್ನೇ.

ಆದ್ರೆ ಅದೇ ಕೊನೆ ಮಾತಲ್ಲ. 2016ರ ಅಕ್ಟೋಬರ್ 26ರಂದು ಪಂಜಾಬ್‌ನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಯಂನವರು ಮಾಡೋ ಕೆಲಸವನ್ನೇ ಮಾಡೋ ತಾತ್ಕಾಲಿಕ ನೌಕರರಿಗೆ ಆ ಹುದ್ದೆ ವೇತನ ಶ್ರೇಣಿಯ ಕನಿಷ್ಠ ಮೊತ್ತ ಕೊಡಬೇಕು ಅಂದಿತು. 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೀರ್ಘಕಾಲ ದುಡಿದವರ ನ್ಯಾಯವಾದ ಬೇಡಿಕೆ ತಳ್ಳಿಹಾಕೋಕೆ ಉಮಾದೇವಿ ತೀರ್ಪನ್ನ ಗುರಾಣಿ ಮಾಡ್ಕೋಬೇಡಿ ಅನ್ನೋ ಅರ್ಥದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಹೇಳಿತು. ಖಾಯಂಗೆ ಅರ್ಜಿ ಹಾಕೋರು ಈ ಎರಡೂ ತೀರ್ಪನ್ನ ಜೇಬಲ್ಲಿಟ್ಟುಕೊಂಡು ಹೋಗಬೇಕು.

ಎನ್‌ಎಚ್‌ಎಂ ಶುರುವಾಗಿದ್ದು 2005ರಲ್ಲಿ, ಆಗ ಗ್ರಾಮೀಣ ಆರೋಗ್ಯ ಅಭಿಯಾನ ಅಂತಿತ್ತು. 'ಅಭಿಯಾನ' ಅಂದ್ರೆ ಕೆಲವು ವರ್ಷದ್ದು ಅಂತ. 20 ವರ್ಷ ಆಯ್ತು. ಮಾರ್ಚ್ ಬಂತು ಅಂದ್ರೆ ಗುತ್ತಿಗೆ ಮುಂದುವರಿಯುತ್ತಾ ಅನ್ನೋ ಚಿಂತೆ ಇನ್ನೂ ಇದೆ. 2023ರ ಫೆಬ್ರವರಿಯಲ್ಲಿ ರಾಜ್ಯದ ಎನ್‌ಎಚ್‌ಎಂ ಗುತ್ತಿಗೆ, ಹೊರಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅನಿರ್ದಿಷ್ಟಾವಧಿ ಧರಣಿ ಕೂತ್ರು. ಖಾಯಂ ಮಾಡಿ ಅನ್ನೋದು ಮುಖ್ಯ ಬೇಡಿಕೆ. ಒಡಿಶಾ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗುತ್ತಿಗೆ ನೇಮಕಾತಿಯನ್ನೇ ರದ್ದು ಮಾಡಿ 57 ಸಾವಿರ ನೌಕರರನ್ನ ಖಾಯಂ ಮಾಡೋದಾಗಿ ಘೋಷಿಸಿತ್ತು. ಅಲ್ಲಿ ಆದದ್ದು ಇಲ್ಲಿ ಯಾಕಾಗಲ್ಲ ಅನ್ನೋದು ನ್ಯಾಯವಾದ ಪ್ರಶ್ನೆ. ಶ್ರೀನಿವಾಸಾಚಾರಿ ಸಮಿತಿ ವರದಿ ಆಧಾರದ ಮೇಲೆ ಶೇ 15ರ ವೇತನ ಹೆಚ್ಚಳ ಸಿಕ್ಕಿತು. ಖಾಯಂ ಆಗೋದು ಬಾಕಿ ಉಳೀತು.

ಹೊರಗುತ್ತಿಗೆಯವರದ್ದು ಇನ್ನೂ ಕೆಳಗಿನ ಮೆಟ್ಟಿಲು. ಇವರ ಮಾಲೀಕ ಆಸ್ಪತ್ರೆ ಅಲ್ಲ, ಏಜೆನ್ಸಿ. ಟೆಂಡರ್ ಬದಲಾದ್ರೆ ಏಜೆನ್ಸಿ ಬದಲಾಗುತ್ತೆ, ಪಿಎಫ್ ನಂಬರ್ ಕಥೆ ಏನಾಯ್ತು ಅಂತ ಹುಡುಕಬೇಕು. ಒಂದು ಒಳ್ಳೇ ಬೆಳವಣಿಗೆ ಅಂದ್ರೆ 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆ ನೇಮಕಾತಿಯಲ್ಲೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ ಶೇ 33 ಇರಬೇಕು ಅಂತ ಸುತ್ತೋಲೆ ಹೊರಡಿಸಿತು. ಪಾಲನೆ ಆಗ್ತಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋ ಕೆಲಸ ಸಂಘ ಮಾಡಬಹುದು. ಹತ್ತು ರೂಪಾಯಿ ಖರ್ಚು.

ಖಾಸಗಿ ಆಸ್ಪತ್ರೆಯವರಿಗೆ

2011ರ ಅಕ್ಟೋಬರ್‌ನಲ್ಲಿ ಮುಂಬೈನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೇರಳದ ಯುವ ನರ್ಸ್ ಒಬ್ಬರು ಜೀವ ಕಳ್ಕೊಂಡ್ರು. ಬಾಂಡ್ ಬರೆಸಿಕೊಂಡು, ಮೂಲ ಸರ್ಟಿಫಿಕೇಟ್ ಇಟ್ಕೊಂಡು ಕೆಲಸ ಬಿಡೋಕೆ ಬಿಡದ ಪದ್ಧತಿ ಆಗ ದೇಶದ ಕಣ್ಣಿಗೆ ಬಿತ್ತು. ಅದೇ ವರ್ಷ ಕೇರಳದ ತ್ರಿಶೂರಿನಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. ಆಸ್ಪತ್ರೆ ಆಸ್ಪತ್ರೆಯಲ್ಲೂ ಮುಷ್ಕರ ಆಯ್ತು. ಮೂಲ ಸರ್ಟಿಫಿಕೇಟ್ ಇಟ್ಕೊಳ್ಳೋಕೆ ಯಾವ ಆಸ್ಪತ್ರೆಗೂ ಹಕ್ಕಿಲ್ಲ, ಇದನ್ನ ನಮ್ಮ ಕಡೆ ಹುಡುಗೀರು ನೆನಪಿಟ್ಕೊಳ್ಳಿ. ಜೆರಾಕ್ಸ್ ಕೊಡಿ, ಮೂಲ ತೋರಿಸಿ ವಾಪಸ್ ತಗೊಳ್ಳಿ.

ಮೇಲೆ ಹೇಳಿದ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಕೇಸಿನಲ್ಲಿ 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಸಮಿತಿ ರಚಿಸೋಕೆ ಹೇಳಿತು. ಸಮಿತಿ ಕೊಟ್ಟ ಲೆಕ್ಕ ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆ ಇರೋ ಆಸ್ಪತ್ರೆ, ರಾಜ್ಯ ಸರ್ಕಾರಿ ನರ್ಸ್‌ಗೆ ಸಮಾನ ಸಂಬಳ ಕೊಡಬೇಕು. 100ಕ್ಕಿಂತ ಹೆಚ್ಚಿದ್ರೆ ಅದಕ್ಕಿಂತ ಶೇ 10ಕ್ಕಿಂತ ಜಾಸ್ತಿ ಕಮ್ಮಿ ಇರಬಾರದು. 50ರಿಂದ 100 ಹಾಸಿಗೆಗೆ ಶೇ 25. 50ಕ್ಕಿಂತ ಕಮ್ಮಿ ಹಾಸಿಗೆ ಇರೋ ಸಣ್ಣ ನರ್ಸಿಂಗ್ ಹೋಂ ಆದ್ರೂ ತಿಂಗಳಿಗೆ 20 ಸಾವಿರಕ್ಕೆ ಕಮ್ಮಿ ಇಲ್ಲ. ರಜೆ, ಡ್ಯೂಟಿ ಸಮಯ, ಓಡಾಟ, ವಸತಿ ಕೂಡ ಸರ್ಕಾರಿಯವರ ಹಾಗೇ ಇರಬೇಕು. ನಮ್ಮ ತಾಲ್ಲೂಕು ಕೇಂದ್ರಗಳ ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಿನವು ಕೊನೇ ಸಾಲಿಗೆ ಬರ್ತವೆ. ಈ 20 ಸಾವಿರ ಅನ್ನೋ ಅಂಕಿ ಅಲ್ಲಿ ಕೆಲಸ ಮಾಡೋರಿಗೆ ಗೊತ್ತಿರಬೇಕು. ಆದ್ರೆ ಇದು ಶಿಫಾರಸು, ಕಾನೂನಲ್ಲ. ಕೇರಳದಲ್ಲಿ ಇದನ್ನ ಹಿಡ್ಕೊಂಡೇ 2017ರಲ್ಲಿ ಮುಷ್ಕರ ನಡೆದು, 2018ರ ಏಪ್ರಿಲ್‌ನಲ್ಲಿ ಸರ್ಕಾರ 20 ಸಾವಿರ ಮೂಲ ವೇತನದ ಅಧಿಸೂಚನೆ ಹೊರಡಿಸಿತು. ಶಿಫಾರಸು ಕಾನೂನಾಗೋಕೆ ಅಲ್ಲಿ ಬೇಕಾಗಿದ್ದು ಸಂಘ.

ಕಾನೂನಾಗೇ ಇರೋವು ಕೆಲವು ಇವೆ. ಹೊಸ ಸಂಹಿತೆ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ. ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಹೆಚ್ಚುವರಿ ಸಮಯಕ್ಕೆ ಎರಡು ಪಟ್ಟು ಕೊಡಬೇಕು. 10 ಜನ ಇದ್ರೆ ಇಎಸ್‌ಐ, 20 ಜನ ಇದ್ರೆ ಪಿಎಫ್. ನಿಗದಿತ ಅವಧಿ ಗುತ್ತಿಗೆಯವರಿಗೆ ಒಂದು ವರ್ಷ ಆದ್ರೆ ಗ್ರಾಚ್ಯುಟಿ. ಮೊದಲನೇದು ಸಿಗದೇ ಇದ್ರೆ ಉಳಿದಿದ್ದೆಲ್ಲ ಕೇಳೋದು ಕಷ್ಟ. ಪತ್ರವೇ ಇಲ್ಲ ಅಂದ್ರೆ ನೀವು ಅಲ್ಲಿ ಕೆಲಸ ಮಾಡಿದ್ರಿ ಅನ್ನೋದಕ್ಕೆ ಸಾಕ್ಷಿ ಏನು? ಡ್ಯೂಟಿ ರೋಸ್ಟರ್ ಫೋಟೋ, ಸಂಬಳ ಬಂದ ಬ್ಯಾಂಕ್ ಮೆಸೇಜು, ಐಡಿ ಕಾರ್ಡು ಎತ್ತಿಟ್ಕೊಳ್ಳಿ.

ಒಬ್ಬ ನರ್ಸ್ ಎಷ್ಟು ರೋಗಿ ನೋಡಬೇಕು ಅನ್ನೋದಕ್ಕೂ ಅಳತೆ ಇದೆ. ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು, ರಜೆಗೆ ಅಂತ ಶೇ 30 ಹೆಚ್ಚುವರಿ. ಇದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ. ವಾರ್ಡಿನಲ್ಲಿ ನಿಂತು ಎಣಿಸಿ ನೋಡಿ. ರೋಗಿ ಕಡೆಯವರೂ ಎಣಿಸಬೇಕು, ಯಾಕಂದ್ರೆ ಇದು ನರ್ಸ್ ಹಕ್ಕಿನಷ್ಟೇ ನಿಮ್ಮ ಜೀವದ ಪ್ರಶ್ನೆ.

ಹೆರಿಗೆ, ಕಿರುಕುಳ, ಹಲ್ಲೆ

ದಿನಕ್ಕೆ ಹತ್ತು ಹೆರಿಗೆ ನೋಡೋ ನರ್ಸ್‌ಗೇ ಹೆರಿಗೆ ರಜೆ ಸಿಗಲ್ಲ ಅಂದ್ರೆ ಏನು ಹೇಳೋಣ? 2017ರ ತಿದ್ದುಪಡಿ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು. ದಿನಗೂಲಿ ಹೆಣ್ಣುಮಕ್ಕಳಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ಪಾಲಿಕೆ ಕೇಸಿನಲ್ಲಿ ಹೇಳಿದೆ. ಗುತ್ತಿಗೆ ಅವಧಿ ನಡುವೆಯೇ ಮುಗಿದ್ರೂ ಹೆರಿಗೆ ಸೌಲಭ್ಯ ನಿಲ್ಲಿಸೋ ಹಾಗಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿದೆ. 'ನಿನ್ನ ಗುತ್ತಿಗೆ ಮಾರ್ಚ್‌ಗೆ ಮುಗೀತು, ರಜೆಯೂ ಮುಗೀತು' ಅನ್ನೋದು ನಡೆಯಲ್ಲ.

ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರದ್ದು. 10 ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಅಧ್ಯಕ್ಷರು ಮಹಿಳೆಯೇ ಆಗಿರಬೇಕು. ಅದಕ್ಕಿಂತ ಸಣ್ಣ ಕ್ಲಿನಿಕ್ ಆದ್ರೆ, ಅಥವಾ ದೂರು ಮಾಲೀಕರ ಮೇಲೇ ಇದ್ರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ಆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಏಜೆನ್ಸಿ ನರ್ಸ್, ನರ್ಸಿಂಗ್ ವಿದ್ಯಾರ್ಥಿನಿ ಕೂಡ ಕೊಡಬಹುದು.

ರೋಗಿ ಸತ್ರೆ ಮೊದಲ ಏಟು ಬೀಳೋದು ಎದುರಿಗೆ ಸಿಗೋ ನರ್ಸ್‌ಗೆ. ನಮ್ಮ ರಾಜ್ಯದಲ್ಲಿ 2009ರಿಂದಲೇ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆ ಕಾಯ್ದೆ ಇದೆ. ಜೈಲು, ದಂಡ ಎರಡೂ ಇದೆ. ಇದರಲ್ಲಿ ಡಾಕ್ಟರ್ ಮಾತ್ರ ಅಲ್ಲ, ನರ್ಸ್‌ಗಳೂ ಬರ್ತಾರೆ. ದೂರು ಬರೆಸೋವಾಗ ಈ ಕಾಯ್ದೆ ಹೆಸರು ಹೇಳಿ.

ಮಂಡ್ಯ ಜಿಲ್ಲೆಗೇ ಸೇರಿದ ಒಂದು ವಿಷಯ

ಬರೆಯೋಕೆ ಇಷ್ಟ ಇಲ್ಲದಿದ್ರೂ ಬರೀಬೇಕು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆ ಜಾಲವೊಂದನ್ನ ಭೇದಿಸಿದಾಗ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೀತಿತ್ತು ಅಂತ ರಾಜ್ಯಕ್ಕೆಲ್ಲ ಗೊತ್ತಾಯ್ತು. ಬೆಲ್ಲ ಮಾಡೋ ಜಾಗ. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ವಸತಿಗೃಹದಲ್ಲೇ ಹೆಣ್ಣು ಭ್ರೂಣ ಹತ್ಯೆ ಆರೋಪದ ಪ್ರಕರಣ ಹೊರಗೆ ಬಂತು. ಇಂಥ ಕೇಸು ಬಂದಾಗೆಲ್ಲ ಇಡೀ ಸಿಬ್ಬಂದಿ ಮೇಲೆ ಅನುಮಾನದ ಕಣ್ಣು ಬೀಳುತ್ತೆ.

ಇದಕ್ಕೂ ಸಂಘಕ್ಕೂ ಏನು ಸಂಬಂಧ ಅಂದ್ರೆ, 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಇದ್ರೂ ಒಳಗಿನವರು ಹೇಳದೆ ಇಂಥವು ಹೊರಗೆ ಬರೋದು ಕಷ್ಟ. ಒಳಗಿನವರು ಅಂದ್ರೆ ಆಯಾ, ನರ್ಸ್, ಲ್ಯಾಬ್‌ನವರು. ಮುಂದಿನ ತಿಂಗಳು ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲದೋರು ದೊಡ್ಡವರ ವಿರುದ್ಧ ಬಾಯಿ ಬಿಡ್ತಾರಾ? 'ನಾನು ಈ ಕೆಲಸಕ್ಕೆ ಕೈ ಹಾಕಲ್ಲ' ಅನ್ನೋ ನರ್ಸ್ ಹಿಂದೆ ಸಂಘ ನಿಲ್ಲುತ್ತೆ ಅಂತ ಗ್ಯಾರಂಟಿ ಇದ್ರೆ ಮಾತ್ರ ಹೇಳ್ತಾರೆ. ನನ್ನ ಪ್ರಕಾರ ಈ ಜಿಲ್ಲೆಯಲ್ಲಿ ನರ್ಸ್‌ಗಳ ಯಾವುದೇ ಸಂಘ ತನ್ನ ನಿಯಮಾವಳಿಯಲ್ಲಿ ಮೊದಲು ಬರೀಬೇಕಾದ ಸಾಲು ಇದು: ಕಾನೂನುಬಾಹಿರ ಕೆಲಸಕ್ಕೆ ಒಪ್ಪದ, ಅಥವಾ ದೂರು ಕೊಟ್ಟ ಸದಸ್ಯರ ವಕೀಲರ ಖರ್ಚು ಸಂಘದ್ದು. ಅಂತರರಾಷ್ಟ್ರೀಯ ಶುಶ್ರೂಷಕರ ಪರಿಷತ್ತಿನ ನೀತಿಸಂಹಿತೆ (ಮೊದಲು ಒಪ್ಪಿದ್ದು 1953, ಹೊಸ ರೂಪ 2021) ನರ್ಸ್ ಅಂದ್ರೆ ಮಾನವ ಹಕ್ಕು ಕಾಯೋರು ಅಂತಲೇ ನೋಡುತ್ತೆ. ಕಾಯೋರನ್ನ ಯಾರು ಕಾಯ್ತಾರೆ ಅನ್ನೋದು ಇಲ್ಲಿನ ಪ್ರಶ್ನೆ.

ಸಂಘದ ಒಳಗೇ ಸಮಾನತೆ ಇದೆಯಾ

ಸರ್ಕಾರದ ಹತ್ತಿರ ಸಮಾನತೆ ಕೇಳೋ ಸಂಘದೊಳಗೆ ಗುತ್ತಿಗೆಯವರು ಕೊನೇ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯೋಕೆ ಮಾತ್ರ ಅಂದ್ರೆ ಆಗಲ್ಲ. ಸೇರೋ ಮೊದಲು ಈ ಪ್ರಶ್ನೆ ಕೇಳಿ. ಗುತ್ತಿಗೆಯವರಿಗೆ, ಹೊರಗುತ್ತಿಗೆಯವರಿಗೆ ಮತ ಇದೆಯಾ? ಕಾರ್ಯಕಾರಿ ಸಮಿತಿಯಲ್ಲಿ ಅವರಿಗೆ ಜಾಗ ಇದೆಯಾ? ವಂತಿಗೆ ಎಲ್ಲರಿಗೂ ಒಂದೇನಾ, ಸಂಬಳಕ್ಕೆ ತಕ್ಕ ಹಾಗಾ? ಖಾಯಂ ನರ್ಸ್‌ಗೆ ಏನೂ ಅನ್ನಿಸದ ಮೊತ್ತ ಏಜೆನ್ಸಿ ನರ್ಸ್‌ಗೆ ಮೂರು ದಿನದ ತರಕಾರಿ ದುಡ್ಡು. ಸರ್ಕಾರಿ ಸೇವಾ ಸಂಘಕ್ಕೆ ಗುತ್ತಿಗೆಯವರನ್ನ ಸೇರಿಸಿಕೊಳ್ಳೋಕೆ ನಿಯಮ ಅಡ್ಡ ಬರಬಹುದು. ಆಗ ಎರಡೂ ಸಂಘ ಜಂಟಿ ಬೇಡಿಕೆ ಪಟ್ಟಿ ಕೊಡೋಕೆ ಯಾವ ನಿಯಮವೂ ಅಡ್ಡ ಬರಲ್ಲ.

ಸಭೆ ಎಲ್ಲಿ, ಯಾವಾಗ ಅನ್ನೋದು ಸಣ್ಣ ವಿಷಯ ಅನ್ನಿಸುತ್ತೆ, ಅಲ್ಲ. ಸಭೆ ಯಾವಾಗಲೂ ಮಂಡ್ಯದಲ್ಲೇ ಇಟ್ರೆ ಕೆ.ಆರ್.ಪೇಟೆಯವರು ಬರಲ್ಲ. ಅವರಿಗೆ ಮಂಡ್ಯಕ್ಕಿಂತ ಚನ್ನರಾಯಪಟ್ಟಣವೇ ಹತ್ತಿರ. ಶ್ರೀರಂಗಪಟ್ಟಣದವರ ಓಡಾಟ ಮೈಸೂರು ಕಡೆಗೆ. ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ, ನರ್ಸಿಂಗ್ ಕಾಲೇಜೂ ಇದೆ, ಬೇರೆ ಜಿಲ್ಲೆಯ ಹುಡುಗ ಹುಡುಗಿಯರು ಬಂದು ಓದ್ತಾರೆ. ನಾಲ್ಕು ಊರಲ್ಲಿ ಸರದಿ ಪ್ರಕಾರ, ಪಾಳಿ ಬದಲಾಗೋ ಹೊತ್ತಲ್ಲಿ ಸಭೆ ಇಟ್ರೆ ಅರ್ಧ ಸಮಸ್ಯೆ ಮುಗೀತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಿಸ್ಟರ್‌ಗಳಿಗೆ ಬಸ್ ಚಾರ್ಜಿನ ನೆಪ ಇಲ್ಲ. ಬ್ರದರ್‌ಗಳು ಟಿಕೆಟ್ ತಗೋಬೇಕು, ಅಷ್ಟೇ.

ಲೆಕ್ಕ ಕೇಳೋದು ಕೂಡ ಹಕ್ಕೇ. ಕಾರ್ಮಿಕ ಸಂಘದ ಲೆಕ್ಕಪುಸ್ತಕ ನೋಡೋ ಅವಕಾಶ ಪ್ರತಿ ಸದಸ್ಯರಿಗೂ ಹಳೇ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ, ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಅಷ್ಟು ಗೆದ್ದ ಕೇರಳದ ಸಂಘದ ಮೇಲೇ 2019ರಲ್ಲಿ ನಿಧಿ ದುರುಪಯೋಗದ ಆರೋಪ ಬಂದು ಕ್ರೈಂ ಬ್ರಾಂಚ್ ತನಿಖೆ ನಡೀತು. ನಂಬಿಕೆ ಇಲ್ಲ ಅಂತಲ್ಲ, ರಸೀದಿ ಇರಲಿ ಅಂತ.

ಜಾತಿ ವಿಷಯ ಯಾರೂ ಬಾಯಿ ಬಿಟ್ಟು ಹೇಳಲ್ಲ. ಬಾಡಿಗೆ ಮನೆ ಹುಡುಕೋವಾಗ ಗೊತ್ತಾಗುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರ ಇರೋ ಹಳ್ಳಿಯಲ್ಲೇ ನರ್ಸ್ ಉಳೀಬೇಕು ಅಂತ ಇಲಾಖೆ ಹೇಳುತ್ತೆ, ಆ ಹಳ್ಳಿಯಲ್ಲಿ ದಲಿತ ನರ್ಸ್‌ಗೆ ಮನೆ ಸಿಗದಿದ್ರೆ? ವಸತಿಗೃಹದ ಬೇಡಿಕೆ ಇಡೋವಾಗ ಸಂಘ ಇದನ್ನ ಮುಚ್ಚಿಡದೆ ಹೇಳಬೇಕು.

ಎಲ್ಲಿಗೆ ಹೋಗೋದು

ಸಂಬಳ, ನೇಮಕಾತಿ ಪತ್ರದ ದೂರಿಗೆ ಮೊದಲು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರು. ಸಂಘ ನೋಂದಣಿಗೆ ಕಾರ್ಮಿಕ ಇಲಾಖೆಯ ಕಾರ್ಮಿಕ ಸಂಘಗಳ ನೋಂದಣಾಧಿಕಾರಿ. ಖಾಸಗಿ ಆಸ್ಪತ್ರೆಯ ಪರವಾನಗಿ ವಿಷಯ ಇದ್ರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ, ಇದು ಕೆಪಿಎಂಇ ಕಾಯ್ದೆ ಪ್ರಕಾರ ಇರೋದು.

ವಕೀಲರಿಗೆ ದುಡ್ಡಿಲ್ಲ ಅನ್ನೋ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಷ್ಟೇ. ನಾಲ್ಕೂ ತಾಲ್ಲೂಕಿನ ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181.

ಸರ್ಕಾರಿ ಅಧಿಕಾರಿಯಿಂದಲೇ ಹಕ್ಕು ಉಲ್ಲಂಘನೆ ಆದ್ರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೀಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆದ್ರೆ ಸಾಕು. ಘಟನೆ ಆಗಿ ಒಂದು ವರ್ಷ ದಾಟಿದ್ರೆ ತಗೊಳ್ಳಲ್ಲ, ಹಾಗಾಗಿ ತಡ ಮಾಡಬೇಡಿ. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ.